ಪಾರದರ್ಶಕ ಶೀಟ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಚನ್ನಪಟ್ಟಣದ ಮರದ ಬೊಂಬೆಗಳನ್ನು ಕಾರ್ಡಿನ ಮೇಲೆ ಬ್ಲಿಸ್ಟರ್ (ಪಾರದರ್ಶಕ ಪ್ಲಾಸ್ಟಿಕ್ ಕವಚ) ಹಾಕಿ ಮಾರಬೇಕೆಂದಿದ್ದೇವೆ. ಪಿವಿಸಿ (ಪೈಪಿನ ಪ್ಲಾಸ್ಟಿಕ್), ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್) ಎರಡೂ ಶೀಟಿನಲ್ಲಿ ಒಂದೇ ಥರ ಕಾಣುತ್ತವೆ. ಯಾವುದನ್ನು ಕೊಳ್ಳೋಣ?

ಉತ್ತರ: ಪೆಟ್ ಕೊಳ್ಳಿ. ಪಿವಿಸಿ ಅಚ್ಚಿಗೆ ಸಲೀಸಾಗಿ ಒಗ್ಗುತ್ತದೆ, ಕಾರ್ಡಿಗೂ ಬೇಗ ಅಂಟುತ್ತದೆ, ನಿಜ. ಆದರೆ ಕಾವು ಮಿತಿಮೀರಿದರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ. ಅದು ಉಸಿರಿಗೂ ಕೆಟ್ಟದ್ದು, ಕತ್ತರಿಸುವ ಡೈಗೂ ತುಕ್ಕು ಹಿಡಿಸುತ್ತದೆ. ಗುಜರಿಯಲ್ಲಿ ಪೆಟ್ ರಾಶಿಗೆ ಪಿವಿಸಿಯ ನಾಲ್ಕು ತುಂಡು ಸೇರಿದರೂ ತೊಂದರೆಯೇ: ಪೆಟ್ ಕರಗುವ 250 ಡಿಗ್ರಿ ಸೆಲ್ಸಿಯಸ್ ಆಚೀಚೆಯ ಕಾವಿನಲ್ಲಿ ಅವು ಸುಟ್ಟು ಕಪ್ಪು ಚುಕ್ಕೆಗಳಾಗಿ ಮಾಲು ಕೆಡಿಸುತ್ತವೆ.

ಕೈಗೆ ಬಂದದ್ದು ಯಾವುದೆಂದು ಗುರುತಿಸಲು ತಾಮ್ರದ ತಂತಿ ಸಾಕು. ತಂತಿಯ ತುದಿಯನ್ನು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ, ಶೀಟಿಗೆ ಒತ್ತಿ, ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಪಿವಿಸಿ. ಈ ಪರೀಕ್ಷೆಯನ್ನು ಬಯಲಲ್ಲೇ ಮಾಡಿ, ಹೊಗೆ ಕುಡಿಯಬೇಡಿ.

ಪೆಟ್ ಆರಿಸಿದರೆ ಕಾರ್ಡ್ ಮುದ್ರಣಕ್ಕೆ ಕೊಡುವ ಮೊದಲೇ ಮುದ್ರಕರಿಗೆ ಹೇಳಬೇಕು. ಪಿವಿಸಿಗೆಂದು ಬಳಿದ ಅಂಟುಲೇಪ ಸಾದಾ ಪೆಟ್‌ಗೆ ಹಲವು ಸಲ ಹಿಡಿಯುವುದೇ ಇಲ್ಲ. ಹತ್ತು ಕಾರ್ಡ್ ಸೀಲ್ ಮಾಡಿ, ಮರುದಿನ ಬ್ಲಿಸ್ಟರ್ ಕಿತ್ತು ನೋಡಿ. ಕಾಗದದ ನಾರು ಹರಿದು ಬಂದರೆ ಸೀಲ್ ಗಟ್ಟಿ. ನುಣ್ಣಗೆ ಬಿಟ್ಟುಕೊಂಡರೆ ಲೇಪ, ಕಾವು, ಒತ್ತಡ ಮೂರರಲ್ಲಿ ಯಾವುದೋ ತಪ್ಪಿದೆ.

ಪ್ರಶ್ನೆ: 0.4 ಮಿ.ಮೀ. ಪೆಟ್ ಶೀಟಿನಲ್ಲಿ 150 × 100 ಮಿ.ಮೀ. ಅಗಲ, 40 ಮಿ.ಮೀ. ಆಳದ ಟ್ರೇಯನ್ನು, ಶೀಟ್ ಕಾಯಿಸಿ ವ್ಯಾಕ್ಯೂಮ್‌ನಿಂದ ಅಚ್ಚಿಗೆ ಎಳೆದು ಮಾಡುತ್ತಿದ್ದೇವೆ. ತಳದ ಮೂಲೆಗಳು ಬೆರಳಿಗೇ ಕುಸಿಯುತ್ತವೆ. ಶೀಟ್ ಕಳಪೆಯೇ?

ಉತ್ತರ: ಶೀಟನ್ನು ಬೈಯುವ ಮೊದಲು ಲೆಕ್ಕ ಹಾಕಿ. ಟ್ರೇ ಬಾಯಿಯ ವಿಸ್ತೀರ್ಣ 15,000 ಚದರ ಮಿ.ಮೀ., ತಳದ್ದೂ ಅಷ್ಟೇ. ನಾಲ್ಕು ಗೋಡೆಗಳದ್ದು 20,000. ಅಂದರೆ 15,000 ಇದ್ದ ಶೀಟ್ 35,000ಕ್ಕೆ, 2.33 ಪಟ್ಟು ಹಿಗ್ಗಬೇಕು. 0.4ನ್ನು 2.33ರಿಂದ ಭಾಗಿಸಿದರೆ ಸರಾಸರಿ ದಪ್ಪ ಸುಮಾರು 0.17 ಮಿ.ಮೀ. ಇದು ಸರಾಸರಿ ಮಾತ್ರ. ತಗ್ಗು ಅಚ್ಚಿನಲ್ಲಿ ಶೀಟ್ ಮೊದಲು ಗೋಡೆಗೆ ತಾಗುತ್ತದೆ, ತಾಗಿದ್ದು ತಣ್ಣಗಾಗಿ ಅಲ್ಲೇ ನಿಲ್ಲುತ್ತದೆ. ಉಳಿದಷ್ಟರಲ್ಲೇ ಮೂಲೆ ತುಂಬಬೇಕಾದ್ದರಿಂದ ಅಲ್ಲಿ ಇನ್ನೂ ತೆಳು.

0.6 ಮಿ.ಮೀ. ಶೀಟಿಗೆ ಹೋದರೆ ಸರಾಸರಿ 0.26 ಸಿಗುತ್ತದೆ, ಖರ್ಚು ಮಾತ್ರ ಒಂದೂವರೆ ಪಟ್ಟು. ನಮ್ಮ ಸಲಹೆ ಮೊದಲು ಅಚ್ಚು ತಿದ್ದಿಸಿ ಎಂದು. ಚೂಪು ಮೂಲೆಯನ್ನು 5–6 ಮಿ.ಮೀ. ತ್ರಿಜ್ಯಕ್ಕೆ ಗುಂಡಗೆ ಮಾಡಿ, ಗೋಡೆಗೆ 5 ಡಿಗ್ರಿ ಓರೆ ಕೊಡಿ. ಕೊನೆಗೆ ತುಂಬುವ ಮೂಲೆಗಳಲ್ಲೇ ಗಾಳಿರಂಧ್ರ ಇರಲಿ, 0.8 ಮಿ.ಮೀ.ಗಿಂತ ದೊಡ್ಡದಾದರೆ ತೆಳು ಶೀಟಿನ ಮೇಲೆ ಮೊಡವೆಯಂತೆ ಗುರುತು ಮೂಡುತ್ತದೆ. ಆಮೇಲೂ ಸಾಲದಿದ್ದರೆ ಪ್ಲಗ್ (ಕಾದ ಶೀಟನ್ನು ಅಚ್ಚಿನೊಳಕ್ಕೆ ಒತ್ತುವ ದಿಮ್ಮಿ) ಬಳಸಿ: ಆಳದ ಮುಕ್ಕಾಲು ಭಾಗದವರೆಗೆ ಪ್ಲಗ್ ತಳ್ಳಲಿ, ಮಿಕ್ಕದ್ದನ್ನು ವ್ಯಾಕ್ಯೂಮ್ ಎಳೆಯಲಿ.

ಪ್ರಶ್ನೆ: ಪೆಟ್ ಮುಚ್ಚಳ ಕೆಲವೊಮ್ಮೆ ಹಾಲಿನಂತೆ ಮಂಜಾಗುತ್ತದೆ. ಪಾಲಿಕಾರ್ಬೊನೇಟ್ ಡಿಸ್‌ಪ್ಲೇ ತುಂಬ ಗುಳ್ಳೆ. ಎರಡಕ್ಕೂ ಒಂದೇ ಕಾರಣವೇ?

ಉತ್ತರ: ಅಲ್ಲ. ಪೆಟ್ ಅತಿ ಕಾದರೆ, ಇಲ್ಲವೇ ಹೀಟರಿನಡಿ ಬಹಳ ಹೊತ್ತು ನಿಂತರೆ ಒಳಗೆ ಹರಳುಗಟ್ಟಿ ಬಿಳುಪಾಗುತ್ತದೆ. ಬಿಳುಪು ಎಲ್ಲಿದೆ ನೋಡಿ. ಹೆಚ್ಚು ಕಾದ ನಡುಭಾಗದಲ್ಲಿದ್ದರೆ ಹೀಟರ್ ಇಳಿಸಿ. ಬಲವಾಗಿ ಹಿಗ್ಗಿದ ಮೂಲೆಗಳಲ್ಲಿ ಮುತ್ತಿನ ಹೊಳಪಿನಂತಿದ್ದರೆ ಕಾವು ಸಾಲದೆ ಎಳೆದಿದ್ದೀರಿ ಎಂದರ್ಥ.

ಪಾಲಿಕಾರ್ಬೊನೇಟಿನ ಗುಳ್ಳೆ ಅದು ಹೀರಿಕೊಂಡ ತೇವದ್ದು. ರಕ್ಷಣಾ ಹಾಳೆ ಕಿತ್ತು, ಶೀಟುಗಳ ನಡುವೆ ಗಾಳಿ ಆಡುವಂತೆ ನಿಲ್ಲಿಸಿ, 120 ಡಿಗ್ರಿಯಲ್ಲಿ ಹಲವು ಗಂಟೆ ಒಣಗಿಸಬೇಕು. ದಪ್ಪ ಹೆಚ್ಚಿದಂತೆ ಹೊತ್ತೂ ಹೆಚ್ಚು. ಒಳಾಂಗಣದ ಡಿಸ್‌ಪ್ಲೇ ಆದರೆ ಪೆಟ್‌ಜಿ (ಪೆಟ್‌ನದೇ ಹರಳುಗಟ್ಟದ ಬಗೆ) ಹಿಡಿಯಿರಿ. ಸಾಮಾನ್ಯವಾಗಿ ಒಣಗಿಸುವ ಗೊಡವೆಯಿಲ್ಲ, ಆಳಕ್ಕೂ ಚೆನ್ನಾಗಿ ಇಳಿಯುತ್ತದೆ. ಬಿಸಿಲಲ್ಲಿ ನಿಲ್ಲುವುದಾದರೆ ಅಕ್ರಿಲಿಕ್ ವಾಸಿ.

ಪ್ರಶ್ನೆ: ಬಿಸಿ ಹೋಳಿಗೆ ಇಟ್ಟರೆ ಪೆಟ್ ಡಬ್ಬಿ ಸೊಟ್ಟಗಾಗುತ್ತದೆ. ಬದಲಿ ಏನು?

ಉತ್ತರ: ಪೆಟ್ 65 ಡಿಗ್ರಿ ದಾಟುತ್ತಿದ್ದಂತೆ ಸಡಿಲವಾಗುತ್ತದೆ. ಬಿಸಿಗೆ ಪಾಲಿಪ್ರೊಪಿಲೀನ್ ಸರಿ, ಗಾಜಿನಂಥ ಹೊಳಪು ಮಾತ್ರ ಸಿಗದು. ಕೊಳ್ಳುವಾಗ ಆಹಾರಕ್ಕೆ ತಕ್ಕುದೆಂಬ ಐಎಸ್ 10910 ಪ್ರಮಾಣಪತ್ರ ಕೇಳಿ. ಕಿಲೋ ದರ ನೋಡಿ ಹಿಂದೆ ಸರಿಯಬೇಡಿ: 0.3 ಮಿ.ಮೀ. ದಪ್ಪದ ಒಂದು ಚದರ ಮೀಟರ್ ಪೆಟ್ ಸುಮಾರು 400 ಗ್ರಾಂ ತೂಗಿದರೆ, ಪಾಲಿಪ್ರೊಪಿಲೀನ್ 270 ಗ್ರಾಂ ಮಾತ್ರ.