ಊರಿಗೊಂದು ಡೊಮೇನ್ ಬೇಕೇ?

ಪ್ರಶ್ನೆ: ನಾನು ತುಮಕೂರಿನ ಒಂದು ಕೊಬ್ಬರಿ ಎಣ್ಣೆ ಕಂಪನಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ಪ್ರಧಾನ ಕಚೇರಿ ತುಮಕೂರಿನಲ್ಲಿ, ಕಾರ್ಖಾನೆ ವಸಂತನರಸಾಪುರದಲ್ಲಿ, ಖರೀದಿ ಕಚೇರಿ ತಿಪಟೂರಿನಲ್ಲಿ, ಗೋದಾಮು ಪಾವಗಡದಲ್ಲಿ. ಒಟ್ಟು 140 ಕಂಪ್ಯೂಟರ್‌ಗಳಿವೆ. ಈಗ ಎಲ್ಲರ ಖಾತೆ, ಪಾಸ್‌ವರ್ಡ್‌ಗಳನ್ನು ಒಂದೇ ಕಡೆ ನೋಡಿಕೊಳ್ಳುವ ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿ ಹಾಕಿಸಲು ಹೊರಟಿದ್ದೇವೆ. ಸಲಹೆಗೆ ಬಂದವರು ಊರಿಗೊಂದು ಡೊಮೇನ್ (ಒಂದೇ ಆಡಳಿತಕ್ಕೆ ಸೇರಿದ ಖಾತೆ, ಕಂಪ್ಯೂಟರ್‌ಗಳ ಗುಂಪು) ಮಾಡಿ ಎನ್ನುತ್ತಾರೆ. ಮಾಲೀಕರು ಎಲ್ಲಕ್ಕೂ ಒಂದೇ ಸರ್ವರ್ ಸಾಕು ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ತುಮಕೂರು

ಉತ್ತರ: ಇಬ್ಬರ ಮಾತನ್ನೂ ಕೇಳಬೇಡಿ. ಡೊಮೇನ್ ಒಂದೇ ಇರಲಿ, ಸರ್ವರ್ ಎರಡಿರಲಿ.

ಊರಿಗೊಂದು ಡೊಮೇನ್ ಎಂಬುದು ವಿಂಡೋಸ್ ಎನ್‌ಟಿ ಕಾಲದ ರೂಢಿ. 2000ದಲ್ಲಿ ಆಕ್ಟಿವ್ ಡೈರೆಕ್ಟರಿ ಬಂದ ಮೇಲೆ ಒಂದೇ ಡೊಮೇನ್ ಲಕ್ಷಗಟ್ಟಲೆ ಖಾತೆಗಳನ್ನು ಹೊರಬಲ್ಲದು. ನಿಮ್ಮ 140 ಅದಕ್ಕೆ ಲೆಕ್ಕವೇ ಅಲ್ಲ. ಪ್ರತಿ ಡೊಮೇನ್‌ಗೂ ಕನಿಷ್ಠ ಎರಡು ಡೊಮೇನ್ ಕಂಟ್ರೋಲರ್, ಅಂದರೆ ಡೈರೆಕ್ಟರಿ ಇಟ್ಟುಕೊಂಡು ಲಾಗಿನ್ ಪರಿಶೀಲಿಸುವ ಸರ್ವರ್, ಬೇಕು. ನಾಲ್ಕು ಡೊಮೇನ್ ಎಂದರೆ ಎಂಟು ಸರ್ವರ್. ಅವುಗಳ ಬ್ಯಾಕಪ್ ಯಾರು ನೋಡುತ್ತಾರೆ?

ಎರಡು ಸರ್ವರ್ ಏಕೆ ಎಂದು ಮಾಲೀಕರು ಕೇಳಿದರೆ ಈ ಸಂಗತಿ ಹೇಳಿ. ನಾನು ನೋಡಿಕೊಳ್ಳುತ್ತಿದ್ದ ಒಂದು ಕಚೇರಿಯಲ್ಲಿ ಇದ್ದುದು ಒಂದೇ ಸರ್ವರ್. ಸಂಬಳದ ದಿನವೇ ಅದರ ಡಿಸ್ಕ್ ಹೋಯಿತು. ಹಿಂದಿನ ಲಾಗಿನ್ ನೆನಪಿಟ್ಟುಕೊಂಡಿದ್ದರಿಂದ ಕಂಪ್ಯೂಟರ್‌ಗಳೇನೋ ತೆರೆದುಕೊಂಡವು, ಆದರೆ ಹಂಚಿಕೆಯ ಫೋಲ್ಡರ್ ಆಗಲಿ ಪ್ರಿಂಟರ್ ಆಗಲಿ ಯಾರಿಗೂ ಸಿಗಲಿಲ್ಲ. ಬ್ಯಾಕಪ್ ತೆಗೆದು ನೋಡಿದರೆ ಲೆಕ್ಕಪತ್ರದ ಫೈಲ್‌ಗಳಿದ್ದವು, ಡೈರೆಕ್ಟರಿಯೇ ಇರಲಿಲ್ಲ. ಅದೇ ಹೆಸರಿನಲ್ಲಿ ಹೊಸ ಡೊಮೇನ್ ಕಟ್ಟಿ, ಮೇಜಿನಿಂದ ಮೇಜಿಗೆ ನಡೆದು ಒಂದೊಂದೇ ಕಂಪ್ಯೂಟರನ್ನು ಮತ್ತೆ ಸೇರಿಸಿದೆ. ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ಅದೇ ಹೆಸರು ಹಾಕಿ ಲಾಗಿನ್ ಆದರು. ಖಾಲಿ ಪರದೆ ಬಂತು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿ, “ನನ್ನ ಫೈಲ್‌ಗಳೆಲ್ಲ ಎಲ್ಲಿ ಹೋದವು ಸಾರ್?” ಎಂದರು. ಹೆಸರು ಅದೇ ಆದರೂ ಡೈರೆಕ್ಟರಿ ಒಳಗೆ ಕೊಡುವ ಗುರುತಿನ ಸಂಖ್ಯೆ ಬೇರೆಯಾಗಿತ್ತು. ಕಂಪ್ಯೂಟರ್ ಪಾಲಿಗೆ ಅವರು ಹೊಸಬರು. ಫೈಲ್‌ಗಳು ಹಳೆಯ ಪ್ರೊಫೈಲ್ ಫೋಲ್ಡರ್‌ನಲ್ಲೇ ಇದ್ದವು, ಹುಡುಕಿ ಕೊಟ್ಟೆ. ಅವರ ಮುಖ ಇನ್ನೂ ಕಣ್ಣ ಮುಂದಿದೆ.

ಆದ್ದರಿಂದ ತುಮಕೂರಿನಲ್ಲೊಂದು, ವಸಂತನರಸಾಪುರದಲ್ಲೊಂದು ಕಂಟ್ರೋಲರ್ ಇಡಿ. ಹೆಸರು ಕೊಟ್ಟರೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಎರಡರಲ್ಲೂ ಇರಲಿ. ಕಂಪ್ಯೂಟರ್‌ಗಳಲ್ಲಿ ಡಿಎನ್‌ಎಸ್ ವಿಳಾಸವಾಗಿ ಈ ಎರಡನ್ನು ಮಾತ್ರ ಕೊಡಿ. ಇಂಟರ್‌ನೆಟ್ ಚೆನ್ನಾಗಿ ಬರಲೆಂದು ಗೂಗಲ್‌ನ ಡಿಎನ್‌ಎಸ್ ವಿಳಾಸ 8.8.8.8 ಸೇರಿಸುವವರನ್ನು ಬಹಳ ಕಂಡಿದ್ದೇನೆ. ನಿಮ್ಮ ಕಂಟ್ರೋಲರ್ ಎಲ್ಲಿದೆ ಎಂಬುದು ಹೊರಗಿನ ಆ ಸರ್ವರ್‌ಗೆ ತಿಳಿದಿರುವುದಿಲ್ಲ, ಲಾಗಿನ್ ತೆವಳುತ್ತದೆ. ಡೊಮೇನ್‌ನ ಹೆಸರನ್ನು ಮೊದಲೇ ಯೋಚಿಸಿ ಇಡಿ, ಆಮೇಲೆ ಬದಲಿಸುವುದು ದೊಡ್ಡ ತಲೆನೋವು. ಕಂಪನಿ ನೋಂದಾಯಿಸಿರುವ ವೆಬ್ ವಿಳಾಸದ ಅಡಿಯಲ್ಲೇ ಒಂದು ಉಪಹೆಸರು ಮಾಡಿಕೊಳ್ಳುವುದು ಕ್ಷೇಮ.

ತಿಪಟೂರು, ಪಾವಗಡಗಳಿಗೆ ಬೇಕಾದದ್ದು ಬೇರೆ ಡೊಮೇನ್ ಅಲ್ಲ, ಅದೇ ಡೊಮೇನ್‌ನ ಒಳಗಿನ ವಿಭಾಗವಾದ ಆರ್ಗನೈಸೇಷನಲ್ ಯೂನಿಟ್. ಅದನ್ನು ಕಂಪನಿಯ ಹುದ್ದೆಗಳ ಪಟ್ಟಿ ನೋಡಿ ವಿಂಗಡಿಸಬೇಡಿ. ತಿಪಟೂರಿನಲ್ಲಿ ಯಾರಾದರೂ ಪಾಸ್‌ವರ್ಡ್ ಮರೆತರೆ ಅದನ್ನು ಹೊಸದಾಗಿ ಕೊಡುವವರು ಯಾರು ಎಂದು ಕೇಳಿಕೊಳ್ಳಿ. ಆ ಒಬ್ಬರಿಗೆ ತಿಪಟೂರಿನ ಖಾತೆಗಳ ಮೇಲೆ ಅಷ್ಟೇ ಅಧಿಕಾರ ಕೊಡಿ. ಇಡೀ ಡೊಮೇನ್‌ನ ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ಕೈತೊಳೆದುಕೊಳ್ಳಬೇಡಿ.

ನಾಲ್ಕೂ ಸ್ಥಳಗಳ ಐಪಿ ವಿಳಾಸಗಳನ್ನು ಡೈರೆಕ್ಟರಿಯಲ್ಲಿ ಸೈಟ್‌ಗಳಾಗಿ (ಸೈಟ್ ಎಂದರೆ ಒಂದು ಸ್ಥಳದ ಜಾಲ) ಬರೆದಿಡಿ. ಸೈಟ್‌ಗಳ ನಡುವೆ ಡೈರೆಕ್ಟರಿಯ ಬದಲಾವಣೆ ತಲುಪಲು ಮೊದಲೇ ಇಟ್ಟಿರುವ ಅಂತರ 180 ನಿಮಿಷ; ಅದನ್ನು 15ಕ್ಕೆ ಇಳಿಸಿ. ಪಾವಗಡದ ಗೋದಾಮಿಗೆ ಸದ್ಯ ಸರ್ವರ್ ಬೇಡ. ಮುಂದೆ ಬೇಕಾದರೆ, ಬೀಗವಿಲ್ಲದ ಕೋಣೆಯಲ್ಲಿ ಪೂರ್ಣ ಕಂಟ್ರೋಲರ್ ಇಡದೆ, ಓದಲು ಮಾತ್ರ ಅವಕಾಶವಿರುವ ಬಗೆಯದನ್ನು ಇಡಿ. ವಿಂಡೋಸ್ ಸರ್ವರ್ 2008ರಿಂದ ಅದು ಲಭ್ಯವಿದೆ.

ಗಡಿಯಾರಗಳನ್ನೂ ನೋಡಿ. ಲಾಗಿನ್ ಪರಿಶೀಲಿಸುವ ಕರ್ಬರೋಸ್ ಐದು ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಒಪ್ಪುವುದಿಲ್ಲ. ಬೆಳಿಗ್ಗೆ ಮಾತ್ರ ಲಾಗಿನ್ ಆಗದ ಹಳೆಯ ಕಂಪ್ಯೂಟರ್ ಇದ್ದರೆ ಅದರ ತಾರೀಖು ನೋಡಿ. ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತು ತಾರೀಖು ವರ್ಷಗಳ ಹಿಂದಕ್ಕೆ ಹೋಗಿರುತ್ತದೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ 25 ಕಂಪ್ಯೂಟರ್‌ಗಳಿವೆ. ಹಣ ಕಡಿಮೆ. ಲಿನಕ್ಸ್‌ನಲ್ಲಿ ಇದೇ ಕೆಲಸ ಆಗುತ್ತದೆಯೇ?
– ಓದುಗರು, ಶಿರಾ

ಉತ್ತರ: ಖಂಡಿತ ಆಗುತ್ತದೆ. ಲಿನಕ್ಸ್‌ನಲ್ಲಿ ವಿಂಡೋಸ್ ಜಾಲದ ಕೆಲಸ ಮಾಡುವ ಸಾಂಬಾ ಎಂಬ ತಂತ್ರಾಂಶವಿದೆ. 2012ರ ಡಿಸೆಂಬರ್‌ನಲ್ಲಿ ಬಂದ ಅದರ 4.0 ಆವೃತ್ತಿಯಿಂದ ಈಚೆಗೆ ಲಿನಕ್ಸ್ ಯಂತ್ರವೇ ಡೊಮೇನ್ ಕಂಟ್ರೋಲರ್ ಆಗಬಲ್ಲದು. ವಿಂಡೋಸ್ ಕಂಪ್ಯೂಟರ್‌ಗಳು ಅದಕ್ಕೆ ಸೇರಿಕೊಳ್ಳುತ್ತವೆ. ಗ್ರೂಪ್ ಪಾಲಿಸಿ (ಕಂಪ್ಯೂಟರ್‌ಗಳಿಗೆಲ್ಲ ಒಂದೇ ಕಡೆಯಿಂದ ಹಾಕುವ ನಿಯಮ) ಫೈಲ್‌ಗಳಿರುವ ಸಿಸ್‌ವಾಲ್ ಫೋಲ್ಡರ್ ಮಾತ್ರ ಎರಡನೇ ಸರ್ವರ್‌ಗೆ ತಾನಾಗಿ ನಕಲಾಗುವುದಿಲ್ಲ. ಅದಕ್ಕೆ ಫೈಲ್ ನಕಲು ಮಾಡುವ ಆರ್‌ಸಿಂಕ್‌ನಂಥ ಸಾಧನವನ್ನು ನೀವೇ ಹೊಂದಿಸಬೇಕು.