ಚೀಟಿಯಿಂದ ಮಾಯವಾದ ಶೇಂಗಾ

ಸಿಂಧನೂರಿನ ಓದುಗಿಯೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ. ಯಜಮಾನರು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಸಂಬಳ 18 ಸಾವಿರ. ಅತ್ತೆ, ಇಬ್ಬರು ಮಕ್ಕಳು ಸೇರಿ ಮನೆಯಲ್ಲಿ ಐದು ಜನ. ‘ಟಿವಿಯಲ್ಲಿ ಬೆಲೆ ಇಳಿದಿದೆ ಅಂತಾರೆ, ನನ್ನ ಕಿರಾಣಿ ಲೆಕ್ಕ ಮಾತ್ರ ಇಳಿದಿಲ್ಲ. ನಮ್ಮವ್ವ ಇಷ್ಟರಾಗ ಹತ್ತು ಮಂದಿನ್ನ ಸಾಕಿದ್ಳು, ನಿನಗ ಐದು ಮಂದಿ ಸಂಸಾರ ತೂಗ್ಸಾಕ ಬರಂಗಿಲ್ಲ ಅಂತ ಮನೆಯವರು ಅಂತಾರೆ. ತಪ್ಪು ನನ್ನದೇ ಏನು, ನೀವೇ ನೋಡಿ ಹೇಳಿ’ ಎಂದು ಬರೆದು, ಹದಿನಾಲ್ಕು ತಿಂಗಳ ಅಂಗಡಿ ಚೀಟಿಗಳನ್ನೂ ಎರಡು ಖಾಲಿ ಎಣ್ಣೆ ಪ್ಯಾಕೆಟ್ಟುಗಳನ್ನೂ ಜೊತೆಗಿಟ್ಟಿದ್ದಾರೆ.

ಸಂಪಾದಕರ ಉತ್ತರ:

ತಂಗೀ,

ನಿಮ್ಮ ಚೀಟಿಗಳನ್ನು ರಾಯಚೂರಿನ ನಮ್ಮ ಕಚೇರಿಯ ಮೇಜಿನ ಮೇಲೆ ತಿಂಗಳ ಪ್ರಕಾರ ಹರಡಿಕೊಂಡು ಎರಡು ಸಂಜೆ ಕೂತೆ. 2024ರ ಸೆಪ್ಟೆಂಬರಿನಿಂದ 2025ರ ಅಕ್ಟೋಬರಿನವರೆಗೆ ಒಂದೂ ತಪ್ಪಿಲ್ಲ. ಇಷ್ಟು ಜತನದಿಂದ ಚೀಟಿ ಎತ್ತಿಟ್ಟವರಿಗೆ ಸಂಸಾರ ತೂಗಿಸಲು ಬರುವುದಿಲ್ಲ ಎಂದರೆ ನಾನು ಒಪ್ಪುವುದಿಲ್ಲ. ತಪ್ಪು ನಿಮ್ಮದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಪತ್ರದಲ್ಲಿ ನೀವು ಬರೆಯದ ಒಂದು ಸಂಗತಿ ಚೀಟಿಗಳಲ್ಲಿದೆ. ಮೊದಲ ಚೀಟಿಯಲ್ಲಿ ಶೇಂಗಾ ಒಂದು ಕೆಜಿ, ಬೆಲ್ಲ ಎರಡು ಕೆಜಿ. ದೀಪಾವಳಿ ಕಳೆದ ಮೇಲೆ ಶೇಂಗಾ ಅರ್ಧ ಕೆಜಿಗೆ ಇಳಿಯಿತು. ಜನವರಿಯಿಂದ ಆ ಸಾಲೇ ಇಲ್ಲ. ಬೆಲ್ಲ ಯುಗಾದಿಗೆ ಒಂದು ಕೆಜಿ ಬಂದದ್ದೇ ಕೊನೆ. ಬಿಸ್ಕತ್ತು, ಚಹಾಪುಡಿ, ಸಕ್ಕರೆ ಮಾತ್ರ ಹಾಗೇ ಇವೆ. ಮಕ್ಕಳದ್ದಕ್ಕೆ, ಅತ್ತೆಯ ಚಹಾಕ್ಕೆ, ಯಜಮಾನರ ಚಹಾಕ್ಕೆ ನೀವು ಕೈ ಹಚ್ಚಿಲ್ಲ. ನಾಲ್ಕನೇ ಪುಟದ ಕೊನೆಗೆ ‘ನನಗೇನ್ರಿ, ಖಾರ ರೊಟ್ಟಿ ಆದರೂ ನಡೀತದ’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನನಗೆ ಅಲ್ಲಿಂದ ಮುಂದೆ ಹೋಗಲಾಗಲಿಲ್ಲ. ಪೇಟೆಯಲ್ಲಿ ಏರಿದ ಬೆಲೆಯನ್ನು ನೀವು ನಿಮ್ಮ ತಾಟಿನಿಂದ ಕಟ್ಟುತ್ತಿದ್ದೀರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಚೀಟಿಯಿಂದ ಶೇಂಗಾ ಬೆಲ್ಲ ಎದ್ದುಹೋಗುವುದಕ್ಕೂ ಈ ಲೆಕ್ಕಕ್ಕೂ ದೂರವಿಲ್ಲ.

ಟಿವಿಯವರು ಹೇಳಿದ್ದು ಸುಳ್ಳೇನೂ ಅಲ್ಲ. ಆದರೆ ಅವರು ಹೇಳುವುದು ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದ ಲೆಕ್ಕ. 2024ರ ಅಕ್ಟೋಬರಿನಲ್ಲಿ ದೇಶದ ಚಿಲ್ಲರೆ ಆಹಾರ ಹಣದುಬ್ಬರ ಶೇ 10.87 ಇತ್ತು. 2025ರ ಅಕ್ಟೋಬರಿನಲ್ಲಿ ಅದು ಸೊನ್ನೆಗಿಂತ ಐದರಷ್ಟು ಕೆಳಗಿಳಿಯಿತು. ಅಂದರೆ 2023ರಲ್ಲಿ ನೂರು ರೂಪಾಯಿಗೆ ಬರುತ್ತಿದ್ದ ಸಾಮಾನು ಮರುವರ್ಷ 111 ಆಗಿ, 2025ರ ಅಕ್ಟೋಬರಿಗೆ 105ರ ಆಸುಪಾಸಿಗೆ ಬಂದು ನಿಂತಿತು. ನೂರಕ್ಕೆ ವಾಪಸ್ ಬರಲಿಲ್ಲ. ಅದೂ ಉಳ್ಳಾಗಡ್ಡಿ, ಟೊಮ್ಯಾಟೊ, ಬೇಳೆ ಎಲ್ಲ ಸೇರಿಸಿದ ಸರಾಸರಿ. ನಿಮ್ಮ ಚೀಟಿಯಲ್ಲೇ ನೋಡಿ, ತೊಗರಿಬೇಳೆ 170ರಿಂದ 115ಕ್ಕೆ ಬಂದಿದೆ. ತಿಂಗಳಿಗೆ ಎರಡು ಕೆಜಿಗೆ 110 ರೂಪಾಯಿ ಉಳಿಯಿತು. ಸೂರ್ಯಕಾಂತಿ ಎಣ್ಣೆ 118ರಿಂದ 160ಕ್ಕೆ ಹೋಗಿದೆ. ಐದು ಪ್ಯಾಕೆಟ್ಟಿಗೆ 210 ಹೆಚ್ಚಾಯಿತು. ಬೇಳೆ ಕೊಟ್ಟಿದ್ದನ್ನು ಎಣ್ಣೆ ಬಡ್ಡಿ ಸಮೇತ ಕಿತ್ತುಕೊಂಡಿತು. ಹಾಲಿಗೂ 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿದೆ. ತೆಂಗಿನಕಾಯಿಯ ಮಾತು ಬೇಡ.

ಎಣ್ಣೆಯ ಜಿಗಿತ ನಿಮ್ಮ ಎರಡನೇ ಚೀಟಿಯಲ್ಲೇ ಕಾಣುತ್ತದೆ. ನಮ್ಮ ದೇಶ ಉಣ್ಣುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಸೂರ್ಯಕಾಂತಿ ಎಣ್ಣೆಯಂತೂ ಬಹುಪಾಲು ರಷ್ಯಾ, ಉಕ್ರೇನ್, ಅರ್ಜೆಂಟೀನಾದ್ದು. 2024ರ ಸೆಪ್ಟೆಂಬರ್ 14ರಂದು ಕೇಂದ್ರ ಸರ್ಕಾರ ಹೊರಗಿನಿಂದ ಬರುವ ಕಚ್ಚಾ ಅಡುಗೆ ಎಣ್ಣೆಯ ಮೇಲೆ ಶೇ 20 ಮೂಲ ಆಮದು ಸುಂಕ ಹಾಕಿತು. ಇಲ್ಲಿನ ಎಣ್ಣೆಕಾಳು ಬೆಳೆಗಾರರಿಗೆ ಬೆಲೆ ಸಿಗಲಿ ಎಂಬುದು ಕಾರಣ. ಅದನ್ನು ನಾನು ಅಲ್ಲಗಳೆಯುವುದಿಲ್ಲ, ಶೇಂಗಾ ಬಿತ್ತುವ ರೈತ ನಮ್ಮವನೇ. 2025ರ ಮೇ 30ಕ್ಕೆ ಸುಂಕ ಶೇ 10ಕ್ಕೆ ಇಳಿಯಿತು. ಆ ಇಳಿಕೆ ನಿಮ್ಮ ಚೀಟಿಗೆ ಬಂದು ಮುಟ್ಟಿಲ್ಲ.

ಇನ್ನು ಆ ಖಾಲಿ ಪ್ಯಾಕೆಟ್ಟುಗಳು. ‘ಜುಲೈಯಿಂದ ಎಣ್ಣೆ ಬೇಗ ಮುಗಿಯುತ್ತಿದೆ, ನಾನೇ ಕೈ ಬಿಟ್ಟು ಸುರಿಯುತ್ತಿದ್ದೇನೇನೋ’ ಎಂದು ಬರೆದಿದ್ದೀರಿ. ಎರಡನ್ನೂ ದೀಪದ ಕೆಳಗೆ ಪಕ್ಕಪಕ್ಕ ಇಟ್ಟು ನೋಡಿದೆ. ಎತ್ತರ, ಅಗಲ ಹೆಚ್ಚೂಕಡಿಮೆ ಒಂದೇ. ಹಳೆಯದರ ಮೇಲೆ 1 ಲೀಟರ್, 910 ಗ್ರಾಂ ಎಂದಿದೆ. ಜುಲೈನಲ್ಲಿ ಅಂಗಡಿಯವರು ‘ಇದು ಸ್ವಸ್ತ’ ಎಂದು ಕೊಟ್ಟ 148 ರೂಪಾಯಿಯದರ ಮೂಲೆಯಲ್ಲಿ, ಮಡಿಕೆಯ ಹತ್ತಿರ, 800 ಗ್ರಾಂ ಎಂದಿದೆ. 160 ರೂಪಾಯಿಯ ಹಳೆಯದು ಗ್ರಾಮಿಗೆ ಹದಿನೇಳೂವರೆ ಪೈಸೆ ಬಿತ್ತು, ‘ಸ್ವಸ್ತ’ದ್ದು ಹದಿನೆಂಟೂವರೆ ಪೈಸೆ. ಐದರ ಜಾಗದಲ್ಲಿ ಆರು ತಂದಿರಿ, 800 ರೂಪಾಯಿ ಕೊಡುವಲ್ಲಿ 888 ಕೊಟ್ಟಿರಿ. ನಿಮ್ಮ ಕೈ ಸರಿಯಾಗಿಯೇ ಇತ್ತು ತಂಗೀ, ಪ್ಯಾಕೆಟ್ಟು ಸಣ್ಣದಾಗಿತ್ತು. ಎಣ್ಣೆ ಇಂತಿಷ್ಟೇ ತೂಕದಲ್ಲಿ ಪ್ಯಾಕ್ ಆಗಬೇಕೆಂಬ ಹಳೆಯ ನಿಯಮ 2022ರಲ್ಲಿ ಹೋಯಿತು. ಅದಕ್ಕೆ ಬದಲಾಗಿ ಗ್ರಾಮಿಗೆ ಎಷ್ಟು ಬೀಳುತ್ತದೆ ಎಂಬುದನ್ನು ಎಂಆರ್‌ಪಿ ಹತ್ತಿರ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಬೇಕು. ಮಗಳು ಏಳನೇ ತರಗತಿ ಎಂದಿದ್ದೀರಲ್ಲ, ಅಂಗಡಿಗೆ ಅವಳನ್ನು ಕರೆದುಕೊಂಡು ಹೋಗಿ ಆ ಸಾಲು ಓದಿಸಿ. ತೂಕದಲ್ಲೇ ಮೋಸ ಕಂಡರೆ 1915ಕ್ಕೆ ಫೋನು ಮಾಡಬಹುದು, ಅದು ಗ್ರಾಹಕರ ಸಹಾಯವಾಣಿ.

ಎಣ್ಣೆ ಬಳಕೆ ತಲೆಗೆ ತಿಂಗಳಿಗೆ ಅರ್ಧ ಲೀಟರ್ ದಾಟದಿರಲಿ ಎನ್ನುತ್ತಾರೆ ವೈದ್ಯರು. ಐದು ಜನಕ್ಕೆ ಎರಡೂವರೆ, ಹೋಗಲಿ ಮೂರು. ನಮ್ಮ ಕಡೆ ಸಂಜೆಯ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ಬಿಡಿ ಎಂದು ಹೇಳಲು ನನಗೂ ಮನಸ್ಸಿಲ್ಲ. ವಾರಕ್ಕೆ ಒಂದು ಸಂಜೆ ಇರಲಿ. ಬೆಳಗಿನ ಪೂರಿ, ಎಣ್ಣೆ ಚಪಾತಿಯ ಜಾಗದಲ್ಲಿ ರೊಟ್ಟಿ ಬಂದರೆ ಎರಡು ಪ್ಯಾಕೆಟ್ಟು ಉಳಿಯುತ್ತವೆ. 320 ರೂಪಾಯಿ.

ನಿಮ್ಮ ಚೀಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಸಾಲು ಅಕ್ಕಿಯದು. ಪ್ರತಿ ತಿಂಗಳೂ 25 ಕೆಜಿ ಸೋನಾ ಮಸೂರಿ ಚೀಲ, 1,450 ರೂಪಾಯಿ. ಪಡಿತರ ಚೀಟಿಯಲ್ಲಿ ಐದು ಹೆಸರಿವೆ, 2025ರ ಫೆಬ್ರುವರಿಯಿಂದ ಹಣದ ಬದಲು ಅಕ್ಕಿಯೇ ಬಂದದ್ದರಿಂದ ತಲೆಗೆ ಹತ್ತು ಕೆಜಿ ಸಿಕ್ಕಿದೆ. ‘ಮಕ್ಕಳು ತಿನ್ನಂಗಿಲ್ಲ, ನೀರಿಗೆ ಹಾಕಿದರೆ ಪ್ಲಾಸ್ಟಿಕ್ ಕಾಳು ತೇಲ್ತಾವ’ ಎಂದಿದ್ದೀರಿ. ಈ ಭಯ ಓಣಿ ಓಣಿಯಲ್ಲಿದೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಬೆರೆಸಿ ಮತ್ತೆ ಕಾಳಿನ ಆಕಾರಕ್ಕೆ ಒತ್ತಿದ್ದು. ನೂರು ಕಾಳಿಗೆ ಒಂದರಂತೆ ಕೂಡಿಸಿದ್ದಾರೆ. ಹಗುರವಾದ್ದರಿಂದ ತೇಲುತ್ತದೆ, ಬೆಂದರೆ ಅನ್ನವೇ. ರಕ್ತ ಕಡಿಮೆಯಿದ್ದವರಿಗೆಂದು ಸೇರಿಸಿದ ಕಾಳನ್ನೇ ನೀವು ಮೊರದಲ್ಲಿ ಆರಿಸಿ ಚೆಲ್ಲುತ್ತಿದ್ದೀರಿ. ತೊಳೆಯುವಾಗಲೂ ತೇಲಿದ್ದನ್ನು ಬಸಿಯಬೇಡಿ. ಅರ್ಧ ಪಡಿತರದ್ದು, ಅರ್ಧ ಸೋನಾ ಕೂಡಿಸಿ, ಒಂದು ತಾಸು ನೆನೆಸಿ ಅನ್ನಕ್ಕಿಟ್ಟು ನೋಡಿ. ದೋಸೆಗೆ, ಪಡ್ಡಿಗೆ, ಬೇಸಿಗೆಯ ಸಂಡಿಗೆಗೆ ಪೂರ್ತಿ ಅದೇ ಆಗುತ್ತದೆ. ಎರಡು ತಿಂಗಳಿಗೊಂದು ಚೀಲ ಸಾಕಾದರೆ ತಿಂಗಳಿಗೆ 725 ರೂಪಾಯಿ ಕೈಯಲ್ಲುಳಿಯಿತು.

ಈಗ ಅತ್ತೆಯ ವಿಷಯ. ಅವರು ಹತ್ತು ಮಂದಿಯನ್ನು ಸಾಕಿದ್ದು ದೊಡ್ಡ ಕೆಲಸವೇ. ಆದರೆ ಮಸ್ಕಿ ಕಡೆ ಆಗ ಹೊಲವಿತ್ತು ಎಂದು ನೀವೇ ಬರೆದಿದ್ದೀರಿ. ಜೋಳ ನೆಲದೊಳಗಿನ ಹಗೇವಿನಿಂದ ಬರುತ್ತಿತ್ತು, ತೊಗರಿ ಬದುವಿನಲ್ಲಿತ್ತು, ಪುಂಡಿ ಸೊಪ್ಪು ಹಿತ್ತಲಿನಲ್ಲಿತ್ತು, ಎಮ್ಮೆ ಕೊಟ್ಟಿಗೆಯಲ್ಲಿತ್ತು. ಪೇಟೆಯಿಂದ ಉಪ್ಪು, ಚಹಾಪುಡಿ, ಸಕ್ಕರೆ ತಂದರೆ ಮುಗಿಯುತ್ತಿತ್ತು. ಆಗ ಯಾವುದಕ್ಕೆ ರೊಕ್ಕ ಕೊಡುತ್ತಿದ್ದಿರಿ ಎಂದು ಅತ್ತೆಯನ್ನೇ ಕೇಳಿ, ಮಗ ಊಟಕ್ಕೆ ಕೂತಾಗ ಕೇಳಿ. ನಿಮ್ಮ ಹದಿನಾಲ್ಕು ಚೀಟಿಗಳನ್ನು ಅವರ ಮುಂದೆ ಇಡಿ. ದಿನವಿಡೀ ಅಂಗಡಿಯ ಲೆಕ್ಕ ಬರೆಯುವವರಿಗೆ ಮನೆಯ ಲೆಕ್ಕ ಓದಲು ಹತ್ತು ನಿಮಿಷ ಸಾಕು.

ಅತ್ತೆಗೆ ಗೊತ್ತಿರುವ ಒಂದು ವಿದ್ಯೆ ಈಗಲೂ ರೊಕ್ಕ ಉಳಿಸುತ್ತದೆ. ರಾಶಿಯ ಕಾಲಕ್ಕೆ ಕೊಳ್ಳುವುದು. ತೊಗರಿ ಜನವರಿಯ ಹೊತ್ತಿಗೆ ಬರುತ್ತದೆ, ಹಿಂಗಾರಿ ಬಿಳಿಜೋಳ ಫೆಬ್ರುವರಿ–ಮಾರ್ಚಿಗೆ, ಒಣಮೆಣಸಿನಕಾಯಿ, ಹುಣಸೆಹಣ್ಣು ಅದೇ ಸುಮಾರಿಗೆ. ನೀವಿರುವ ಕಾಲುವೆ ಕಡೆ ಭತ್ತ, ಜೋಳಕ್ಕೆ ಮಸ್ಕಿ, ಲಿಂಗಸುಗೂರು, ಕುಷ್ಟಗಿಯ ಒಣಹೊಲಗಳೇ ಆಗಬೇಕು. ಒಬ್ಬರಿಗೆ ಕ್ವಿಂಟಲ್ ಭಾರವಾಗುತ್ತದೆ. ಓಣಿಯ ನಾಲ್ಕು ಮನೆ ಕೂಡಿ ಒಂದು ಕ್ವಿಂಟಲ್ ಜೋಳ ತಂದು ತೂಗಿ ಹಂಚಿಕೊಳ್ಳಿ. ಚೆನ್ನಾಗಿ ಬಿಸಿಲಿಗೆ ಹಾಕಿ, ಒಣಗಿದ ಬೇವಿನೆಲೆ ಬೆರೆಸಿಟ್ಟರೆ ಹುಳ ದೂರ. ಮೊದಲ ವರ್ಷ ಜೋಳ ಒಂದನ್ನೇ ಹಿಡಿಯಿರಿ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ತಿಂಗಳು ಅದಕ್ಕೆಂದು ತೆಗೆದಿಡಿ.

ಕೊನೆಯ ಚೀಟಿಯ ಬುಡದಲ್ಲಿ ‘ಹಿಂದಿನ ಬಾಕಿ 3,240’ ಎಂದಿದೆ. ಅದನ್ನು ತೀರಿಸಲು ವಾರದ ಕಂತಿನ ಸಂಘದ ಸಾಲ ತೆಗೆಯಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಉಂಡ ಅನ್ನಕ್ಕೆ ವಾರವಾರ ಬಡ್ಡಿ ಕಟ್ಟುವ ಹಾಗಾಗುತ್ತದೆ. ಉದ್ರಿಯ ಕಷ್ಟ ನನಗೆ ಗೊತ್ತು. ಚಿಕ್ಕಂದಿನಲ್ಲಿ ನಮ್ಮ ಓಣಿಯ ಅಂಗಡಿಗೆ ಅವ್ವ ನನ್ನನ್ನು ಕಳಿಸುತ್ತಿದ್ದಳು, ಬಾಕಿ ಇದ್ದುದರಿಂದ ಹುಳ ಬಿದ್ದ ಬೇಳೆ ಕೊಟ್ಟರೂ ಬಾಯಿ ಮುಚ್ಚಿಕೊಂಡು ತರಬೇಕಿತ್ತು. ಉದ್ರಿ ಇರುವವರೆಗೆ ನೀವು ಇನ್ನೊಂದು ಅಂಗಡಿಯ ದರ ಕೇಳಲಾರಿರಿ, ಸಣ್ಣ ಪ್ಯಾಕೆಟ್ಟನ್ನು ವಾಪಸ್ ಕೊಡಲಾರಿರಿ. ಅಂಗಡಿಯವರಿಗೆ ನೇರವಾಗಿ ಹೇಳಿ: ಈ ತಿಂಗಳಿಂದ ಹೊಸ ಸಾಮಾನು ನಗದು, ಹಳೆ ಬಾಕಿಗೆ ತಿಂಗಳಿಗೆ 500. ಏಳು ತಿಂಗಳಲ್ಲಿ ಮುಗಿಯುತ್ತದೆ.

ಅಕ್ಕಿ, ಎಣ್ಣೆ ಎರಡರಿಂದ 1,045 ರೂಪಾಯಿ ಉಳಿಯುತ್ತದಲ್ಲ. ಬಾಕಿಗೆ 500 ಕೊಡುವ ಮೊದಲು, ಎಲ್ಲಕ್ಕಿಂತ ಮೊದಲು, 250 ರೂಪಾಯಿ ತೆಗೆದು ಒಂದು ಕೆಜಿ ಶೇಂಗಾ, ಎರಡು ಕೆಜಿ ಬೆಲ್ಲ ಬರೆಸಿ. ಹುರಿದು, ಕುಟ್ಟಿ, ಉಂಡೆ ಕಟ್ಟಿ ಡಬ್ಬಿಗೆ ಹಾಕಿ, ಐದು ಪಾಲು ಮಾಡಿ. ಐದನೆಯದು ನಿಮ್ಮದು, ಅದನ್ನು ಮಕ್ಕಳಿಗೆ ಕೊಡಬೇಡಿ.

ಯುಗಾದಿ ಆದ ಮೇಲಿನ ಚೀಟಿಯನ್ನು ನನಗೆ ಕಳಿಸಿ. ಒಟ್ಟು ಎಷ್ಟಾಯಿತೆಂದು ಆಮೇಲೆ ನೋಡುತ್ತೇನೆ, ಮೊದಲು ಶೇಂಗಾದ ಸಾಲು ಹುಡುಕುತ್ತೇನೆ.