ಹಬ್ಬದ ಮುಂಚಿನ ಎಂಟು ದಿನ

ನಮಸ್ಕಾರ. ಬೆಳಗಾವಿಯ ಹಿರಿಯರ ವಸತಿಗೃಹವೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೀರಿ, ನಲವತ್ತು ಜನ ಅಜ್ಜ-ಅಜ್ಜಿಯರಿಗೆ ಕಾಲಕ್ಕೆ ತಕ್ಕಂತೆ ವರ್ಷವಿಡೀ ಯಾವ ಚಟುವಟಿಕೆ ಇಟ್ಟುಕೊಳ್ಳಬೇಕು ಎಂದು ಕೇಳಿದ್ದೀರಿ. ನಾನು ಬಾಗಲಕೋಟೆಯ ನವನಗರದ ಒಂದು ವೃದ್ಧಾಶ್ರಮದಲ್ಲಿ ಆರು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ.

ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಹಬ್ಬದ ದಿನಕ್ಕೆ ಕಾರ್ಯಕ್ರಮ ಹಾಕಬೇಡಿ, ಹಬ್ಬದ ಮುಂಚಿನ ಎಂಟು ದಿನಕ್ಕೆ ಹಾಕಿ. ಹಬ್ಬದ ದಿನ ಹೇಗೂ ದಾನಿಗಳು ಬರುತ್ತಾರೆ, ಹಣ್ಣು ಹಂಚುತ್ತಾರೆ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಹಿರಿಯರು ಸಾಲಾಗಿ ಕುರ್ಚಿಯಲ್ಲಿ ಕೂತಿರುತ್ತಾರೆ, ಕಣ್ಣು ಮಾತ್ರ ಗೇಟಿನ ಕಡೆ. ಮಗನ ಫೋನ್ ಬರಲಿಲ್ಲ ಅಂದರೆ ಆ ದಿನ ಯಾವ ಭಜನೆಯೂ ಅವರ ಕಿವಿಗೆ ಬೀಳುವುದಿಲ್ಲ. ನಮ್ಮ ಕಡೆ ಹಬ್ಬ ಅಂದರೆ ಮೊದಲಿನಿಂದಲೂ ಕೆಲಸ. ಹುರಿಯುವುದು, ಕುಟ್ಟುವುದು, ಸಾರಿಸುವುದು. ಅರವತ್ತು ವರ್ಷ ಅದನ್ನೇ ಮಾಡಿದ ಕೈಗಳನ್ನು ನಾವು ಸುಮ್ಮನೆ ಕೂಡಿಸಿ ಚಪ್ಪಾಳೆ ತಟ್ಟಲು ಹೇಳುತ್ತೇವೆ. ನನಗೆ ಇದು ಒಪ್ಪುವುದಿಲ್ಲ.

ನಾಗರ ಪಂಚಮಿಯನ್ನೇ ತಗೊಳ್ಳಿ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳು. ಒಂದು ವಾರದ ಕೆಲಸ ಅದರಲ್ಲೇ ಇದೆ. ಒಲೆಯ ಹತ್ತಿರದ ಕೆಲಸ ಅಡುಗೆಯವರಿಗೆ ಬಿಡಿ. ಹುರಿದ ಶೇಂಗಾ ತಿಕ್ಕಿ ಸಿಪ್ಪೆ ತೆಗೆಯುವುದು, ಮೊರದಲ್ಲಿ ಹಾಕಿ ಕೇರುವುದು ಅಜ್ಜಿಯರಿಗೆ. ಬೆಲ್ಲ ಕುಟ್ಟುವುದು ಅಜ್ಜಂದಿರಿಗೆ. ಮಂಡಿ ನೋವಿನಿಂದ ನೆಲಕ್ಕೆ ಕೂಡಲು ಆಗದವರಿಗೆ ಮೇಜಿನ ಮೇಲೆ ತಾಟು ಇಡಿ. ಶುಗರ್ ಇದ್ದವರಿಗೆ ನಾವು ನೆಲ್ಲಿಕಾಯಿ ಗಾತ್ರದ ಉಂಡಿ ಬೇರೆ ಕಟ್ಟಿಸುತ್ತೇವೆ, ಊಟದ ಜೊತೆಗೇ ಕೊಡುತ್ತೇವೆ, ಎಣಿಸಿಯೇ ಕೊಡುತ್ತೇವೆ. ಅದಕ್ಕಿಂತ ಹೆಚ್ಚು ಎಚ್ಚರ ಬೇಕಾಗಿರುವುದು ಉಪವಾಸಕ್ಕೆ. ಶ್ರಾವಣ ಸೋಮವಾರ ಯಾರಿಗೂ ಹೇಳದೆ ಊಟ ಬಿಟ್ಟು, ಶುಗರ್ ಗುಳಿಗೆ ಮಾತ್ರ ನುಂಗಿ, ಮಧ್ಯಾಹ್ನ ಬೆವರಿ ತಲೆ ಸುತ್ತಿ ಬಿದ್ದವರನ್ನು ಕಂಡಿದ್ದೇನೆ. ಯಾರು ಯಾವ ವಾರ ಹಿಡಿಯುತ್ತಾರೆ ಎಂಬ ಪಟ್ಟಿ ನರ್ಸ್ ಹತ್ತಿರ ಇರಲಿ, ಡಾಕ್ಟರನ್ನೂ ಮೊದಲೇ ಕೇಳಿ. ಜೋಕಾಲಿ ಬೇಡ ಅನ್ನಬೇಡಿ. ಬೆನ್ನಿಗೆ ಆಸರೆ ಇರುವ ಮಣೆಯನ್ನು ಪಡಸಾಲೆಯಲ್ಲಿ ಕಾಲು ನೆಲಕ್ಕೆ ತಾಗುವಷ್ಟು ಕೆಳಗೆ ಕಟ್ಟಿಸಿ. ಜೀಕುವುದೇನೂ ಬೇಕಿಲ್ಲ, ಕೂತು ಅಲುಗಾಡಿದರೂ ಸಾಕು, ಜೋಕಾಲಿ ಹಾಡು ತಾನಾಗೇ ಬರುತ್ತದೆ.

ಅದಕ್ಕೂ ಮೊದಲು ಬರುವುದು ಮಣ್ಣೆತ್ತಿನ ಅಮಾವಾಸ್ಯೆ. ಖರ್ಚೇ ಇಲ್ಲದ, ನನಗೆ ಎಲ್ಲಕ್ಕಿಂತ ಹೆಚ್ಚು ಕೈಹಿಡಿದ ಚಟುವಟಿಕೆ ಇದು. ಹೊಲದ ಎರೆ ಮಣ್ಣು ತಂದರೆ ಒಣಗುವಾಗ ಬಿರಿಯುತ್ತದೆ, ಕುಂಬಾರರ ಹತ್ತಿರ ಹದ ಮಾಡಿದ ಮಣ್ಣು ತನ್ನಿ. ಮೊದಲ ವರ್ಷ ನಾನೇ ಒಂದು ಎತ್ತು ಮಾಡಿ ಮೇಜಿನ ಮೇಲೆ ಮಾದರಿ ಅಂತ ಇಟ್ಟಿದ್ದೆ. ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಒಬ್ಬ ಅಜ್ಜ ಇದ್ದರು, ಯಾವ ಕಾರ್ಯಕ್ರಮಕ್ಕೂ ಕೋಣೆ ಬಿಟ್ಟು ಬಂದವರಲ್ಲ. ಅಂದು ಊಟಕ್ಕೆ ಹೋಗುವಾಗ ನಿಂತು ನೋಡಿ, "ಇದು ಎತ್ತಲ್ಲವ್ವಾ, ಆಕಳಾತು. ಇಣಿ ಎಲ್ಲೈತಿ?" ಅಂದರು. ಅಲ್ಲೇ ಕೂತು, ಎರಡು ಹೆಬ್ಬೆರಳಿನಿಂದ ಮಣ್ಣು ಒತ್ತಿ ಒತ್ತಿ ಇಣಿ, ಅಂದರೆ ಭುಜದ ಡುಬ್ಬ, ಎತ್ತಿದರು, ಕೋಡು ತಿದ್ದಿದರು, ಕಣ್ಣಿಗೆ ಜೋಳದ ಕಾಳು ಚುಚ್ಚಿದರು. ಆಮೇಲೆ ಜೋಡಿ ಎತ್ತು ಇದ್ದ ಮೇಲೆ ಮೇವು ಹಾಕುವ ಗ್ವಾದಲಿ ಬೇಡವೇ ಅಂತ ಅದನ್ನೂ ಮಾಡಿದರು. ಊಟ ಆರಿ ಹೋಯಿತು, ನಾನು ಎಬ್ಬಿಸಲಿಲ್ಲ. ಸಂಜೆಯೊಳಗೆ ಅವರ ಸುತ್ತ ಏಳು ಜನ ಕೂತಿದ್ದರು, ಮುಳುಗಿದ ಊರಿನಲ್ಲಿ ಯಾರ ಮನೆಯ ಎತ್ತು ಕಾರಹುಣ್ಣಿಮೆಯ ಓಟದಲ್ಲಿ ಮುಂದೆ ಬಂದು ಕರಿ ಹರಿಯುತ್ತಿತ್ತು ಎಂಬ ಮಾತು ನಡೆದಿತ್ತು. ಮಾದರಿ ಇಡುವುದನ್ನು ನಾನು ಅಂದೇ ಬಿಟ್ಟೆ. ಅವರಿಗೆ ಗೊತ್ತಿರುವುದನ್ನು ನಾವು ಕಲಿಸಲು ಹೋಗಬಾರದು. ನಿಮ್ಮಲ್ಲಿ ಆಗ ಮಳೆ ಹಿಡಿದಿರುತ್ತದೆ, ಎತ್ತುಗಳನ್ನು ಫ್ಯಾನ್ ಕೆಳಗೆ ಒಣಗಿಸಿ.

ಇನ್ನು ನಾನು ಮಾಡಿದ ದೊಡ್ಡ ತಪ್ಪು. ಮೊದಲ ನವರಾತ್ರಿಗೆ ಒಂದು ಮಹಿಳಾ ಬಳಗವನ್ನು ಕರೆಸಿದ್ದೆ. ಅವರು ಮುತ್ತೈದೆಯರಿಗೆ ಅರಿಷಿಣ-ಕುಂಕುಮ ಕೊಟ್ಟು ಉಡಿ ತುಂಬಿದರು. ನಮ್ಮಲ್ಲಿದ್ದ ಹತ್ತೊಂಬತ್ತು ಹೆಣ್ಣುಮಕ್ಕಳಲ್ಲಿ ಹದಿಮೂರು ಜನ ಗಂಡನನ್ನು ಕಳೆದುಕೊಂಡವರು. ಎದ್ದು ಹೋಗಿ ಅಂತ ಅವರಿಗೆ ಯಾರೂ ಹೇಳಲಿಲ್ಲ. ಸೆರಗು ಹೊದ್ದು ತಾವೇ ಒಬ್ಬೊಬ್ಬರಾಗಿ ಎದ್ದು ಕೋಣೆಗೆ ಹೋದರು. ಆ ರಾತ್ರಿ ನನಗೆ ಊಟ ಇಳಿಯಲಿಲ್ಲ. ಮರುವರ್ಷದಿಂದ ಎಲ್ಲರಿಗೂ ಒಂದೇ ತರಹ ಗುಳೇದಗುಡ್ಡದ ಖಣ ಮತ್ತು ಸೇವಂತಿಗೆ. ಇಬ್ಬರು ಮುಡಿದರು, ಉಳಿದವರು ಹೂವನ್ನು ದೇವರ ಮುಂದೆ ಇಟ್ಟರು, ಆದರೆ ಯಾರೂ ಎದ್ದು ಹೋಗಲಿಲ್ಲ. ಹೊರಗಿನವರು ಯಾರು ಬಂದರೂ ಅರ್ಧ ಜನರನ್ನು ಬದಿಗೆ ಕೂಡಿಸುವ ಕಾರ್ಯಕ್ರಮಕ್ಕೆ ಒಪ್ಪಬೇಡಿ. ದಸರೆಯ ಬನ್ನಿ ಮಾತ್ರ ನೂರಕ್ಕೆ ನೂರು ಹಿರಿಯರ ಹಬ್ಬ. ಓಣಿಯ ಮಕ್ಕಳು ಬಂದು ಬನ್ನಿ ಕೊಟ್ಟು ಕಾಲಿಗೆ ಬೀಳಲಿ, "ಬಂಗಾರದಂಗ ಇರೂಣು" ಅನ್ನಲಿ. ಮಕ್ಕಳ ಕೈಗೆ ಇಡಲು ಹಿರಿಯರ ಹತ್ತಿರ ಸಕ್ಕರೆಯೋ ಹತ್ತು ರೂಪಾಯಿಯೋ ಇರುವಂತೆ ನೋಡಿಕೊಳ್ಳಿ. ಬರಿಗೈಲಿ ಆಶೀರ್ವಾದ ಮಾಡಲು ಅವರಿಗೆ ಸಂಕೋಚ.

ಹವೆಯ ಮಾತು. ಬೆಳಗಾವಿಯಲ್ಲಿ ನಮ್ಮ ಎರಡು ಪಟ್ಟು ಮಳೆ, ಹಾಗಾಗಿ ಒಳಗೆ ಕೂರುವ ಕಾಲ ನಿಮಗೆ ಜುಲೈ-ಆಗಸ್ಟ್. ನೆಲದ ಹಸಿಗೆ ಜಾರಿ ಬೀಳುವುದು ಆಗಲೇ ಹೆಚ್ಚು. ನಮಗೆ ಒಳಗಿನ ಕಾಲ ಏಪ್ರಿಲ್-ಮೇ, ಬಿಸಿಲು 40 ಡಿಗ್ರಿ ದಾಟುತ್ತದೆ. ಸಂಡಿಗೆ, ಶ್ಯಾವಿಗೆ ಎಲ್ಲ ಬೆಳಿಗ್ಗೆ ಒಂಬತ್ತರೊಳಗೆ ಮುಗಿಯಬೇಕು. ವಯಸ್ಸಾದಂತೆ ನೀರಡಿಕೆ ಗೊತ್ತಾಗುವುದೇ ಕಡಿಮೆ, ಕೇಳಿದರೆ ಬೇಡ ಅನ್ನುತ್ತಾರೆ. ಹನ್ನೊಂದಕ್ಕೆ, ಮೂರಕ್ಕೆ ಮಜ್ಜಿಗೆಯ ಲೋಟ ಕೈಗೇ ಕೊಡಿ. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಎಷ್ಟು ಅಂತ ಡಾಕ್ಟರ್ ಹೇಳಲಿ. ಹೋಳಿ ನಮ್ಮ ಬಾಗಲಕೋಟೆಯಲ್ಲಿ ಬಹಳ ಜೋರು. ನಾವು ಹಲಗಿ ಬಾರಿಸುವವರನ್ನು ಅಂಗಳದ ತನಕ ಕರೆಯುತ್ತೇವೆ, ಬಣ್ಣವನ್ನು ಕರೆಯುವುದಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡವರು ಇರುತ್ತಾರೆ.

ಮೊಹರಂ ಋತುವಿಗೆ ಕಟ್ಟುಬಿದ್ದ ಹಬ್ಬ ಅಲ್ಲ, ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಕ್ಯಾಲೆಂಡರ್ ನೋಡಿ ಗುರುತು ಹಾಕಿಕೊಳ್ಳಿ. ಮೊಹರಂನಲ್ಲಿ ಹಾಡುವ ರಿವಾಯತ ಪದ ಬರುವ ಅಜ್ಜಂದಿರು ನಿಮ್ಮಲ್ಲೂ ಒಬ್ಬರಾದರೂ ಇದ್ದೇ ಇರುತ್ತಾರೆ. ಸಂಕ್ರಾಂತಿಗೆ ಮರಾಠಿ ಮನೆಮಾತಿನವರು ಎಳ್ಳು ಬೆಲ್ಲ ಕೊಟ್ಟು ತಮ್ಮ ಮಾತಿನಲ್ಲೇ "ಗೋಡ ಗೋಡ ಬೋಲಾ", ಅಂದರೆ ಸಿಹಿ ಸಿಹಿ ಮಾತಾಡಿ, ಅನ್ನಲಿ.

ಹೊರಗೆ ಕರೆದೊಯ್ಯಲು ವರ್ಷಕ್ಕೆ ಒಂದೇ ದಿನ ಸಿಕ್ಕರೆ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ. ಬಿಸಿಲು ಹದವಾಗಿರುತ್ತದೆ, ಜೋಳ ಎದೆಯೆತ್ತರ ನಿಂತಿರುತ್ತದೆ. ಹಿಂದೊಮ್ಮೆ ನಾನು ಕೂಡಲಸಂಗಮಕ್ಕೆ ಕರೆದೊಯ್ದಿದ್ದೆ. ಬಸವಣ್ಣನವರ ಐಕ್ಯಮಂಟಪಕ್ಕೆ ಮೆಟ್ಟಿಲಿಳಿದು ಹೋಗಬೇಕು, ಅರ್ಧ ಜನ ಮೇಲೆಯೇ ಉಳಿದು ಕಣ್ಣೀರು ಹಾಕಿದರು. ಹೊಲದಲ್ಲಿ ಮೆಟ್ಟಿಲಿಲ್ಲ, ಆದರೆ ಶೌಚಾಲಯವೂ ಇರುವುದಿಲ್ಲ. ಆದ್ದರಿಂದ ತೋಟದ ಮನೆ ಇರುವ ಹೊಲವನ್ನೇ ನೋಡಿ, ನೀವೇ ಒಮ್ಮೆ ಹೋಗಿ ಬಾಗಿಲು ತೆಗೆದು ನೋಡಿ ಬನ್ನಿ. ಸಜ್ಜೆ ರೊಟ್ಟಿ ಹಿಂದಿನ ದಿನಗಳಲ್ಲೇ ತಟ್ಟಿಸಿಡಿ. ಹಲ್ಲಿಲ್ಲದವರಿಗೆ ಕಡುಬು, ಮೊಸರನ್ನ. ಚರಗ ಚೆಲ್ಲುವುದು, ಅಂದರೆ ಅಡುಗೆಯನ್ನು ಭೂಮಿತಾಯಿಗೆ ಅಂತ ಹೊಲದ ತುಂಬ ಚೆಲ್ಲುವುದು, ಅಲ್ಲಿ ಹಿರಿಯರೇ, ನಾವು ಬುಟ್ಟಿ ಹಿಡಿದು ಹಿಂದೆ ನಡೆಯುತ್ತೇವೆ. ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ, ಬಾಡಿಗೆ ಗಾಡಿ ಸಿಗುವುದಿಲ್ಲ. ದೀಪಾವಳಿ ಮುಗಿದ ವಾರವೇ ಗಾಡಿಗೆ ಹೇಳಿಡಿ, ಮೆಟ್ಟಿಲು ತಗ್ಗಿರುವುದನ್ನೇ ಕೇಳಿ.